ರತನನ ಕಾಲು ಸೆಕೆಂಡು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡಿ. ನಾವುಂದದಲ್ಲಿ ಹೆದ್ದಾರಿಯಿಂದ ಕಡಲಿನ ಕಡೆ ಇಳಿಯುವ ಮೂರನೆಯ ಓಣಿಯ ನೀಲಿ ಗೇಟಿನ ಮನೆಯೊಳಗೆ ಎರಡು ವರ್ಷದಿಂದ ನನ್ನನ್ನು ಸೋಲಿಸಿದವರು ಹುಟ್ಟಿಲ್ಲ. ಬೈಂದೂರಿನವರು ಬಂದಿದ್ದಾರೆ. ಬ್ರಹ್ಮಾವರದಿಂದ ತನ್ನ ಸ್ವಂತ ಮೌಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದವನೊಬ್ಬನಿದ್ದ, ದೇವರ ಪ್ರಸಾದದ ಹಾಗೆ. ತೆಕ್ಕಟ್ಟೆಯ ಅನೂಪನಂತೂ ಪ್ರತಿ ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬರುತ್ತಾನೆ. ಎಲ್ಲರೂ ನನ್ನ ಅಮ್ಮ ಕೊಟ್ಟ ಚಹಾ ಕುಡಿದು, ನನ್ನ ಗುಂಡಿಗೆ ಸತ್ತು, ಸಂಜೆಯ ಬಸ್ಸು ಹತ್ತಿ ಹೋಗುವವರೇ. ಮಳೆಗೆ ಊರಿಗೆ ಊರೇ ಇಂಟರ್ನೆಟ್ ಇಲ್ಲದೆ ಬಾಯಿ ಬಾಯಿ ಬಿಡುವಾಗಲೂ ನನ್ನ ಮನೆಯ ಆಟ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಇಂಟರ್ನೆಟ್ಟೇ ಬೇಡ. ಒಂದು ರೂಟರ್, ನಾಲ್ಕು ಕಂಪ್ಯೂಟರ್, ಮನೆಯೊಳಗೇ ಎಳೆದ ತಂತಿ. ಆಟ ನಡೆಯುವುದು ನನ್ನ ಕಂಪ್ಯೂಟರಿನ ಹೊಟ್ಟೆಯಲ್ಲಿ. ಉಳಿದವರು ನನ್ನ ಅತಿಥಿಗಳು. ಶುರು ಮಾಡುವ ಮೊದಲು ನಾನು ಎದ್ದು ನಿಂತು, ಸಿನಿಮಾದಲ್ಲಿ ಹಿಂದಿನಿಂದ ಗಾಳಿ ಬೀಸುವಾಗ ಹೇಳುವ ಹಾಗೆ, ಬೆಂಗಳೂರಿನ ಕನ್ನಡದಲ್ಲಿ, ನಾನೇ ಬರೆದ ಡೈಲಾಗ್ ಹೊಡೆಯುತ್ತೇನೆ: 'ಈ ರೂಟರಿನ ಹಸಿರು ದೀಪ ಉರಿಯೋವರ್ಗೂ ಈ ಕೋಟೆಗೆ ಒಬ್ನೇ ರಾಜ ಕಣೋ.' ಅಮ್ಮ ಅಡುಗೆಮನೆಯಿಂದ, 'ರಾಜ, ಬಾವಿಕಟ್ಟೆ ಮೇಲ್ ಕೊಡಪಾನ ಇತ್ತ್, ಒಳಗ್ ತಕಂಡ್ ಬಾ' ಎನ್ನುತ್ತಾಳೆ. ರಾಜ ಹೋಗಿ ಕೊಡಪಾನ ತಂದು ಮತ್ತೆ ಸಿಂಹಾಸನದ ಮೇಲೆ ಕೂರುತ್ತಾನೆ. ಒಂದೇ ಒಂದು ಸಲ ಸೋತಿದ್ದೇನೆ. ಅದೂ ಬೇಕೆಂದೇ, ಗೆಳೆಯನಿಗಾಗಿ. ಆ ಕಥೆ ಕೇಳಿ ನಿಮ್ಮ ಕಣ್ಣಲ್ಲಿ ನೀರು ಬರದಿದ್ದರೆ ನನ್ನ ಹೆಸರು ಗೌರೀಶ್ ಅಲ್ಲ.

ಗೆಳೆಯ ಎಂದರೆ ರತನ್, ಪಕ್ಕದ ಮನೆಯ ಸುಗುಣಕ್ಕನ ಮಗ. ನನಗಿಂತ ಎರಡು ವರ್ಷ ದೊಡ್ಡವನು, ಎರಡು ಪಟ್ಟು ಅಗಲ. ಹದಿನೆಂಟರಿಂದ ಕುಷ್ಟಣ್ಣ ತಾಂಡೇಲರು ನಡೆಸುವ ಬೋಟಿನಲ್ಲಿ ಬಲೆಯ ಹಗ್ಗ ಹಿಡಿಯುವವನು. ಫೆಬ್ರವರಿಯಲ್ಲಿ ಬಲೆ ಎಳೆಯುವ ವಿಂಚಿಗೆ ಹಗ್ಗದ ಜೊತೆ ಅವನ ಬಲಗೈಯೂ ಹೋಗಿತ್ತು. ಕೈ ಉಳಿಯಿತು, ಬೆರಳುಗಳೂ ಉಳಿದವು. ಆದರೆ ತೋರುಬೆರಳು, ನಡುಬೆರಳು ಎರಡೂ ಯಾರೋ ಬೇರೆಯವರದನ್ನು ತಂದು ಹೊಲಿದ ಹಾಗೆ ಸ್ವಲ್ಪ ಆಚೆಗೆ ನೋಡುತ್ತ ನಿಂತಿವೆ. ನಾನು ಆ ಕೈಯನ್ನು ನೇರವಾಗಿ ನೋಡುವುದಿಲ್ಲ. ಬೈಂದೂರಿನಲ್ಲಿ ನಾನು ಕೆಲಸ ಮಾಡುವ ಕಂಪ್ಯೂಟರ್ ರಿಪೇರಿ ಅಂಗಡಿಗೆ ದಿನಕ್ಕೆ ಹತ್ತು ಮುರಿದ ಸಾಮಾನು ಬರುತ್ತವೆ, ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡುತ್ತೇನೆ. ಆದರೆ ರತನ್ ಚಹಾದ ಲೋಟ ಹಿಡಿಯುವಾಗ ನಾನು ಕ್ಯಾಲೆಂಡರ್ ನೋಡುತ್ತೇನೆ. ಕ್ಯಾಲೆಂಡರಿನಲ್ಲಿ ಜುಲೈ ಮುಗಿಯುತ್ತ ಬಂದಿತ್ತು. ಮೀನುಗಾರಿಕೆಯ ನಿಷೇಧ ಇನ್ನೊಂದು ವಾರ. ಆಮೇಲೆ ಬೋಟುಗಳೆಲ್ಲ ಕಡಲಿಗೆ ಇಳಿಯುತ್ತವೆ. ಕುಷ್ಟಣ್ಣ ಎರಡು ಸಲ ಹೇಳಿ ಕಳಿಸಿದ್ದರು, ಬರುವವನೋ ಅಲ್ಲವೋ ಸೋಮವಾರದೊಳಗೆ ಹೇಳು, ಇಲ್ಲದಿದ್ದರೆ ಬೇರೆ ಜನ ನೋಡುತ್ತೇನೆ ಎಂದು. ಸುಗುಣಕ್ಕನ ತಮ್ಮ ಐಸ್ ಫ್ಯಾಕ್ಟರಿಯಲ್ಲಿ ಒಂದು ಕೆಲಸ ಹೇಳಿ ಇಟ್ಟಿದ್ದ. ಇದೆಲ್ಲ ನನಗೆ ಗೊತ್ತಿತ್ತು, ಗೋಡೆಯಾಚೆಯ ಮನೆಯ ಮಾತು ಗೊತ್ತಿರುವ ಹಾಗೆ. ಅದಕ್ಕೂ ನನಗೂ ಸಂಬಂಧವಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅನೂಪ್ ತನ್ನ ಲ್ಯಾಪ್‌ಟಾಪಿನ ಹಾವಿನಂಥ ವೈರನ್ನು ಬಿಡಿಸುತ್ತಿದ್ದ. ತಂಗಿ ನಿಶ್ಮಿತಾ ಕಾಲೇಜಿನ ಅಸೈನ್‌ಮೆಂಟ್ ಬರೆಯುತ್ತೇನೆಂದು ಹೇಳಿ ಮೂರನೆಯ ಕಂಪ್ಯೂಟರ್ ಹಿಡಿದು ಕೂತಾಗಿತ್ತು. ರತನನ ಜಾಗ ಹೊರಗೆ ಜಗಲಿಯಲ್ಲಿ. ಕಿಟಕಿಯಿಂದ ತಂತಿ ಹಾಕಿ ಹಳೆಯ ಡಬ್ಬದಂಥ ಕಂಪ್ಯೂಟರನ್ನು ಅಲ್ಲಿಟ್ಟಿದ್ದೇನೆ. ಕೇಳಿದವರಿಗೆಲ್ಲ, ಅವನ ಕಾಲು ಉದ್ದ, ಒಳಗೆ ಹಿಡಿಸುವುದಿಲ್ಲ ಎನ್ನುತ್ತೇನೆ. ಅವನು ಒಳಗೆ ಬಂದು ನನ್ನ ಹಿಂದೆ ನಿಂತ. ಕೂರು ಮಾರಾಯ ಎಂದೆ, ಕೂರಲಿಲ್ಲ.

'ಗೌರೀಶ, ಒಂದ್ ಮಾತ್. ಇವತ್ ನಿನ್ನ ಗೆದ್ರೆ ನಾನ್ ಬೋಟಿಗ್ ಹೋಪ್ದ್. ಇಲ್ದಿರೆ ಐಸ್ ಫ್ಯಾಕ್ಟ್ರಿ.'

ಆಟಕ್ಕೂ ಬೋಟಿಗೂ ಎಂತ ಸಂಬಂಧ ಎಂದು ನಗಲು ಹೋದೆ. ಅವನು ನಗಲಿಲ್ಲ.

'ಡಾಕ್ಟ್ರು ಕೈ ಸಮ ಆಯ್ತ್ ಅಂದ್ರ್. ಡಾಕ್ಟ್ರು ಹಗ್ಗ ಹಿಡಿತ್ರಾ? ನಿನ್ ಎದ್ರ್ ಈ ಕೈ ಓಡ್ರೆ ವಿಂಚ್ ಎದ್ರೂ ಓಡ್ತ್. ಎರಡ್ ವರ್ಷ ಆಯ್ತ್, ಚಂದ ಇಪ್ಪತ್ತಿಗೂ ಈ ಕೈ ನಿನ್ನ ಮುಟ್ಲಿಲ್ಲೆ. ಒಂದ್ ಸಲ ಮುಟ್ಟಿ ಕಾಂತೆ.'

ಹೇಳಿ ಜಗಲಿಗೆ ಹೋದ. ನಾನು ಪರದೆಯನ್ನೇ ನೋಡುತ್ತ ಕೂತೆ. ಡೈಲಾಗ್ ಹೊಡೆಯುವ ಸಮಯ, ಅನೂಪ್ ಕಾಯುತ್ತಿದ್ದ, ನನ್ನ ಬಾಯಲ್ಲಿ ಬೆಂಗಳೂರೂ ಬರಲಿಲ್ಲ, ನಾವುಂದವೂ ಬರಲಿಲ್ಲ. ಚಂದ ಇಪ್ಪತ್ತಿಗೂ ಎಂದನಲ್ಲ. ಕೈ ಚೆನ್ನಾಗಿದ್ದಾಗಲೂ. ಅದು ನಿಜವಲ್ಲ ಎಂದು ಲೋಕದಲ್ಲಿ ತಿಳಿದವನು ನಾನೊಬ್ಬನೇ. ಎರಡು ವರ್ಷದ ಹಿಂದೆ ಮೊದಲ ಸಲ ತಂತಿ ಎಳೆದು ಆಟ ಶುರು ಮಾಡಿದ ದಿನ, ರತನ್ ಆಗಷ್ಟೇ ಬಂದರಿನಿಂದ ಬಂದವನು, ಮೈಯಲ್ಲಿ ಬಂಗುಡೆಯ ವಾಸನೆ, ಮೌಸ್ ಹಿಡಿಯುವುದು ಹೇಗೆಂದು ನಿಶ್ಮಿತಾಳನ್ನು ಕೇಳಿದವನು, ಅರ್ಧ ಗಂಟೆಯಲ್ಲಿ ನನ್ನನ್ನು ಏಳು ಸಲ ಕೊಂದಿದ್ದ. ಏಳು, ಎರಡು. ಕರೆಂಟ್ ಹೋಗಿ ನನ್ನ ಮಾನ ಉಳಿಯಿತು. ಅವನು ನಗುತ್ತ, ಇಷ್ಟೇ ಅಲ್ದಾ ಇದ್ ಎಂದಿದ್ದ. ಇಷ್ಟೇ. ಡಿಪ್ಲೊಮಾ ಮಾಡಿದವನು ನಾನು, ಬಿಚ್ಚಿದ ಕಂಪ್ಯೂಟರನ್ನು ಕಣ್ಣು ಮುಚ್ಚಿ ಜೋಡಿಸುವವನು ನಾನು. ಮರುದಿನ ಅಂಗಡಿಯಲ್ಲಿ ಕೂತು ಒಂದು ಸಣ್ಣ ಪ್ರೋಗ್ರಾಮ್ ಹುಡುಕಿ ತಂದೆ. ಅದು ಮಾಡುವ ಕೆಲಸ ಬಹಳ ಸುಲಭ: ಯಾವ ಕಂಪ್ಯೂಟರನ್ನು ಹೇಳುತ್ತೇನೋ ಆ ಕಂಪ್ಯೂಟರಿನಿಂದ ಬರುವ ಪ್ರತಿಯೊಂದು ಗುಂಡನ್ನೂ ಬಾಗಿಲಲ್ಲಿ ಕಾಲು ಸೆಕೆಂಡು ಕೂರಿಸಿ ಆಮೇಲೆ ಒಳಗೆ ಬಿಡುವುದು, ಪಂಚಾಯ್ತಿ ಆಫೀಸಿನಲ್ಲಿ ಅರ್ಜಿ ಹಿಡಿದವರನ್ನು ಬೆಂಚಿನ ಮೇಲೆ ಕೂರಿಸುವ ಹಾಗೆ. ರತನ್ ಒತ್ತಿದಾಗ ನಾನು ಅಲ್ಲಿರುತ್ತೇನೆ. ಅವನ ಗುಂಡು ಬರುವಾಗ ಇರುವುದಿಲ್ಲ. ಅದಕ್ಕೆ ಬ್ರೇಕ್ ಎಂದು ಹೆಸರಿಟ್ಟೆ. ಒಂದೇ ವಾರಕ್ಕೆ ಎಂದುಕೊಂಡಿದ್ದೆ, ಒಮ್ಮೆ ಗೆದ್ದು ತೆಗೆದುಬಿಡುತ್ತೇನೆಂದು. ಗೆದ್ದೆ. ಅನೂಪ್ ಬೆನ್ನು ತಟ್ಟಿದ. ನಿಶ್ಮಿತಾ ಕೂಡ ಪರವಾಗಿಲ್ಲ ಎಂದಳು. ಬೆನ್ನು ತಟ್ಟಿಸಿಕೊಂಡ ಮೇಲೆ ಬೆನ್ನಿಗೆ ಅದೊಂದು ಚಟವಾಗುತ್ತದೆ, ಬೇಕಾದರೆ ನೀವೇ ಪರೀಕ್ಷಿಸಿ. ಕೆಲವು ತಿಂಗಳಾದ ಮೇಲೆ ರತನ್ ಒಮ್ಮೆ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡು, ನಮ್ ಕೈ ಹಗ್ಗಕ್ಕೇ ಸಮ, ಇದಕ್ಕೆಲ್ಲ ನಿಧಾನ ಎಂದಿದ್ದ. ಆಗ ಅವನ ಕೈಯ ಬೆರಳುಗಳೆಲ್ಲ ನೇರವಾಗಿಯೇ ಇದ್ದವು. ನಾನು ಹೌದು ಮಾರಾಯ ಎಂದಿದ್ದೆ.

ಎಂತ ಧ್ಯಾನವಾ ಎಂದು ಅನೂಪ್ ಕೇಳಿದ. ನಾನು ಬ್ರೇಕ್ ತೆಗೆದೆ. ಹೌದು, ತೆಗೆದೆ. ಮೂಲೆಯ ಸಣ್ಣ ಕಿಟಕಿ ತೆರೆದು ರತನನ ಹೆಸರಿನ ಎದುರಿನ ಟಿಕ್ ಒತ್ತಿ ತೆಗೆದಾಗ ನನ್ನೊಳಗೆ ಹಿನ್ನೆಲೆ ಸಂಗೀತವೇ ಶುರುವಾಯಿತು, ಸಾವಿರ ವಯೊಲಿನ್. ಇದೇ ಆ ಸೀನ್ ಎಂದುಕೊಂಡೆ. ತ್ಯಾಗದ ಸೀನ್. ನಾಯಕ ಗೆಳೆಯನಿಗಾಗಿ ಎಲ್ಲವನ್ನೂ ಬಿಟ್ಟು ಮಳೆಯಲ್ಲಿ ನಡೆದು ಹೋಗುತ್ತಾನೆ. ಹೊರಗೆ ಮಳೆಯೂ ಇತ್ತು, ನಡೆಯುವ ಅವಶ್ಯಕತೆಯಿರಲಿಲ್ಲ. ಮೊದಲು ಹತ್ತು ಮಾಡಿದವನು ಗೆದ್ದ ಹಾಗೆ ಎಂದು ಅನೂಪ್ ಲೆಕ್ಕದವನಾದ. ಶುರುವಾಯಿತು. ಕೋಟೆಯ ಗೋಡೆಯ ಹಿಂದಿನಿಂದ ರತನ್ ಬಂದ, ಗುಂಡು ಹಾರಿಸಿದ, ಗುಂಡು ಓಡುತ್ತಿದ್ದ ನನ್ನ ಮುಂದೆ ಒಂದು ಮಾರು ದೂರದ ಗೋಡೆಗೆ ಹೋಗಿ ತಾಗಿತು. ನಾನು ಅವನನ್ನು ಹೊಡೆದೆ. ಮತ್ತೆ ಬಂದ. ಮತ್ತೆ ಒಂದು ಮಾರು ಮುಂದೆ. ಇದೆಂಥ ಕಥೆ ಎಂದುಕೊಂಡೆ. ಬ್ರೇಕ್ ಇಲ್ಲ, ಬಾಗಿಲು ತೆರೆದಿದೆ, ಗುಂಡು ಓಡೋಡಿ ಬರುತ್ತಿದೆ, ಆದರೂ ಒಂದೂ ತಾಗುವುದಿಲ್ಲ. ಮೂರು, ಸೊನ್ನೆ. ನಾಲ್ಕು. ಜಗಲಿಯಿಂದ ಸದ್ದೇ ಇಲ್ಲ, ಬರೀ ಮಾಡಿನ ನೀರು ಬಕೆಟಿಗೆ ಬೀಳುವ ಸದ್ದು. ಐದಾದಾಗ ಕಿಟಕಿಯಿಂದ ಇಣುಕಿದೆ. ಅವನು ಪರದೆಯನ್ನು ಬಿಟ್ಟು ಆ ಎರಡು ಬೆರಳನ್ನು ಎಡಗೈಯಲ್ಲಿ ಹಿಡಿದು, ನಿದ್ದೆ ಹೋದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ಅಲುಗಿಸುತ್ತಿದ್ದ. ನಾನು ತಲೆ ಒಳಗೆ ಎಳೆದುಕೊಂಡೆ. ಹಾಗಾದರೆ ಕೈ ನಿಜವಾಗಿಯೂ ಹೋಗಿದೆ. ಹಾಗಾದರೆ ನನ್ನ ತಪ್ಪೇನೂ ಇಲ್ಲ. ಈ ಎರಡು ಯೋಚನೆ ಒಂದರ ಹಿಂದೆ ಒಂದು ಬಂದವು. ಎರಡನೆಯದು ಬಂದಾಗ ಎದೆಯಲ್ಲಿ ಒಂದು ತಣ್ಣನೆಯ ಸಮಾಧಾನವಾದದ್ದನ್ನೂ ಹೇಳಬೇಕು. ಆರು, ಸೊನ್ನೆ. ಆಮೇಲೆ ಅವನದೊಂದು ಗುಂಡು ನನ್ನ ಭುಜ ಸವರಿತು. ಮುಂದಿನದು ತಾಗಿತು. ಆರು, ಒಂದು. ಅದರ ಮುಂದಿನದೂ ತಾಗಿತು. ಆರು, ಎರಡು.

ಇಲ್ಲಿಂದ ಮುಂದೆ ನಾನು ಬಿಟ್ಟುಕೊಟ್ಟೆ. ಅನೂಪನಿಗೂ ಹಾಗೆಯೇ ಹೇಳಿದ್ದೇನೆ, ಬೈಂದೂರಿನ ಅಂಗಡಿಯಲ್ಲಿಯೂ ಹಾಗೆಯೇ ಹೇಳಿದ್ದೇನೆ. ಅಮ್ಮ ಒಣ ಸಿಗಡಿ ಹುರಿಯುವ ವಾಸನೆ ಒಳಗೆಲ್ಲ ತುಂಬಿತ್ತು. ನೀರು ಕುಡಿದು ಬರುತ್ತೇನೆಂದು ಒಂದು ನಿಮಿಷ ಆಟ ನಿಲ್ಲಿಸಿದೆ, ಮತ್ತೆ ಕೂತೆ, ಆಮೇಲೆ ರತನನ ಗುಂಡುಗಳು ಒಂದರ ಹಿಂದೆ ಒಂದು ನನ್ನ ಎದೆಗೇ ಬಂದವು. ನಾನು ಎಡಕ್ಕೆ ಓಡಿದರೆ ಎಡದಲ್ಲಿ ಗುಂಡು ಮೊದಲೇ ಬಂದು ಕಾಯುತ್ತಿತ್ತು. ಏಳು, ಏಳು. ಎಂಟು, ಎಂಟು. ನಿಶ್ಮಿತಾ ತನ್ನ ಆಟ ಬಿಟ್ಟು ನನ್ನ ಪರದೆ ನೋಡತೊಡಗಿದಳು. ಹತ್ತು ಆದದ್ದು ಅವನದು. ಎಂಟಕ್ಕೆ ನಿಂತದ್ದು ನನ್ನದು.

ರತನ್ ಜಗಲಿಯಿಂದ ಬಾಗಿಲು ತುಂಬುವ ಹಾಗೆ ಬಂದು ನಿಂತ. ಅವನು ಇಷ್ಟು ನಕ್ಕದ್ದನ್ನು ನಾನು ಫೆಬ್ರವರಿಯ ಈಚೆಗೆ ನೋಡಿರಲಿಲ್ಲ. ಆ ಕೈಯನ್ನು ಎತ್ತಿ ಹಿಡಿದು ಮಾತಾಡುತ್ತಿದ್ದ.

'ನೀನ್ ಇಪ್ಪಲ್ಲಿಗ್ ಹೊಡ್ರೆ ತಾಗುದೇ ಇಲ್ಲೆ ಮಾರಾಯ. ನೀ ಬಪ್ಪಲ್ಲಿಗ್ ಹೊಡೂಕ್. ಹೊಳಿಯಗ್ ಬಲೆ ಬೀಸ್ದಾಂಗೆ, ಮೀನಿನ ಮುಂದ್ ಬೀಸ್ದ್. ಎರಡ್ ವರ್ಷದಿಂದ ಅದನ್ನೇ ಕಲ್ತದ್. ಇವತ್ ಸುರುವಿಗ್ ಎಂತಕೋ ಎಲ್ಲ ನಿನ್ ಮುಂದೇ ಹೋತಿದಿತ್, ಕೈ ಹೋಯ್ತ್ ಅಂದ್ಕಂಡೆ. ಮತ್ತೆ ಸಮ ಆಯ್ತ್ ಕಾಣ್.'

ನಾನು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡೆ. ಅನೂಪ್ ಚಪ್ಪಾಳೆ ಹೊಡೆಯುತ್ತ, ರಾಜನ ತಲೆ ಉರುಳಿತು, ತೆಕ್ಕಟ್ಟೆಯಲ್ಲಿ ಬ್ಯಾನರ್ ಹಾಕಿಸುತ್ತೇನೆ ಎಂದ. ಆ ಚಪ್ಪಾಳೆ ಕಿವಿಗೆ ತಾಗಿದ್ದೇ ತಡ, ನನ್ನೊಳಗಿನ ಯಾರೋ ಎದ್ದು ನಿಂತರು, ಕಾಲರ್ ಎತ್ತಿದರು, ಬೆಂಗಳೂರಿನ ಕನ್ನಡದಲ್ಲಿ ಶುರು ಮಾಡಿದರು. ಸಿನಿಮಾದ ಕನ್ನಡದಲ್ಲಿ ಇದೊಂದು ಅನುಕೂಲ, ಅದು ನಮ್ಮ ಮನೆಯದಲ್ಲ. ಬಾಡಿಗೆ ಸೈಕಲ್ಲಿನ ಹಾಗೆ, ಎಲ್ಲಿ ಬಿದ್ದರೂ ನಮ್ಮದೇನೂ ಮುರಿದ ಹಾಗೆ ಅನಿಸುವುದಿಲ್ಲ.

'ಗೆದ್ದಿದ್ದು ನೀನಲ್ಲ ಗುರೂ. ಸೋತಿದ್ದು ನಾನು. ಫ್ರೆಂಡ್‌ಗೋಸ್ಕರ ಬಿಟ್ಟುಕೊಟ್ಟೆ ಅಷ್ಟೆ.'

ಅನೂಪ್ ಶಿಳ್ಳೆ ಹೊಡೆದ. ರತನನ ಕೈ ನಿಧಾನವಾಗಿ ಕೆಳಗೆ ಬಂತು. 'ಹೌದಾ' ಎಂದ. ಅಷ್ಟೇ. ಚಪ್ಪಲಿ ಹಾಕಿಕೊಂಡು, ಕೊಡೆಯನ್ನು ಎಡಗೈಯಲ್ಲಿ ಬಿಡಿಸಲು ನೋಡಿ, ಬಿಡಿಸಲಾಗದೆ ಹಾಗೆಯೇ ತಲೆಯ ಮೇಲೆ ಹಿಡಿದು ಬೇಲಿ ದಾಟಿ ಹೋದ. ಮಡಿಚಿದ ಕೊಡೆಯ ಕೆಳಗೆ ಅಷ್ಟು ದೊಡ್ಡ ಮನುಷ್ಯ. ಆಗಲೂ ನಾನು, ಎಂಥ ಶಾಟ್ ಎಂದುಕೊಂಡೆನೇ ಹೊರತು ಕರೆಯಲಿಲ್ಲ. ರಾತ್ರಿಯ ಅನ್ನಕ್ಕೆ ಕೂತಾಗ ನಿಶ್ಮಿತಾ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: 'ಅಣ್ಣ, ನೀ ಬಿಟ್ ಕೊಟ್ದ್ ಸುಳ್ಳ್. ಬಿಟ್ ಕೊಡುವವ್ರ್ ಹಾಂಗ್ ಬೆವರುದಿಲ್ಲೆ.' ಫ್ಯಾನ್ ಇರಲಿಲ್ಲವಲ್ಲ ಎಂದೆ. ಫ್ಯಾನ್ ಇತ್ತು.

ಸೋಮವಾರ ಅಂಗಡಿಯಲ್ಲಿ ನನ್ನ ಕಥೆ ಬಹಳ ಚೆನ್ನಾಗಿ ಓಡಿತು. ಮೂರನೆಯ ಸಲ ಹೇಳುವಷ್ಟರಲ್ಲಿ ನಾನು ಆರು–ಎರಡರಲ್ಲಿ ಮೌಸಿನಿಂದ ಕೈಯನ್ನೇ ಎತ್ತಿಬಿಟ್ಟಿದ್ದೆ, ಕಣ್ಣು ಮುಚ್ಚಿದ್ದೆ. ಪ್ರಿಂಟರ್ ರಿಪೇರಿಗೆ ಬಂದ ಶಂಕರನಾರಾಯಣ ಊರಿನ ಮಾಸ್ತರೊಬ್ಬರು, ಈಗಿನ ಕಾಲದಲ್ಲೂ ಇಂಥವರು ಇದ್ದಾರಾ ಎಂದರು. ನಾನು ನಾಚಿ, ಹೀಗೆ ಕೆಲವರು ಎಂದೆ. ಸಂಜೆ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಸುದ್ದಿ ಹೇಳಿದಳು. ರತನ್ ಬೆಳಿಗ್ಗೆ ಕುಷ್ಟಣ್ಣನಿಗೆ ಫೋನ್ ಮಾಡಿ ಬರುವುದಿಲ್ಲ ಎಂದನಂತೆ. ಗುರುವಾರದಿಂದ ಐಸ್ ಫ್ಯಾಕ್ಟರಿ. ಸುಗುಣಕ್ಕ ಅಳುವುದೋ ನಗುವುದೋ ತಿಳಿಯದೆ ಕೂತಿದ್ದಾಳಂತೆ. ಮಗ ಕಡಲಿಗೆ ಹೋಗುವುದಿಲ್ಲ ಎಂಬ ನೆಮ್ಮದಿ, ನಿನ್ನೆಯಿಂದ ಬಾಯೇ ಬಿಡುತ್ತಿಲ್ಲ ಎಂಬ ಹೆದರಿಕೆ. ಎಂತಕ್ಕೆ ಮನಸ್ಸು ತಿರುಗಿತೋ ಎಂದು ಅಮ್ಮ ನನ್ನನ್ನೇ ಕೇಳಿದಳು. ನನಗೇನು ಗೊತ್ತು ಎಂದು ಒಳಗೆ ಹೋಗಿ, ಕಂಪ್ಯೂಟರ್ ಹಾಕಿ, ಆರಿಸಿ, ಮತ್ತೆ ಹಾಕಿದೆ. ಮೂಲೆಯ ಆ ಸಣ್ಣ ಕಿಟಕಿ ತೆರೆಯಿತು. ರತನನ ಹೆಸರು. ಅದರ ಎದುರಿನ ಚೌಕ. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ. ಕುಷ್ಟಣ್ಣ ನಾಳೆ ಬೇರೆಯವನಿಗೆ ಮಾತು ಕೊಟ್ಟರೆ ಮುಗಿಯಿತು. ಬೋಟಿನ ಜಾಗ ಎಂದರೆ ಬಸ್ಸಿನ ಸೀಟಲ್ಲ, ಕರವಸ್ತ್ರ ಹಾಕಿ ಹಿಡಿಯಲಿಕ್ಕೆ.

ಬೇಲಿ ದಾಟುವಾಗ ಡೈಲಾಗ್ ತಯಾರಿತ್ತು. ಕ್ಷಮೆ ಕೇಳೋಕೆ ಬಂದಿಲ್ಲ, ಕಥೆ ಮುಗಿಸೋಕೆ ಬಂದಿದೀನಿ, ಹೀಗೇನೋ. ರತನ್ ಹಿಂದಿನ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು ತೆಂಗಿನಕಾಯಿ ಹೆರೆಯುತ್ತಿದ್ದ, ಎಡಗೈಯಲ್ಲಿ. ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಬಲಗೈ ಮೊಣಕಾಲ ಮೇಲೆ ಸುಮ್ಮನೆ ಮಲಗಿತ್ತು. ಒಂದು ಕೋಳಿ ನೆಲದ್ದನ್ನು ಹೆಕ್ಕುತ್ತ ಇಡೀ ಊರಿನಲ್ಲಿ ಅದೊಂದೇ ಸುಖವಾಗಿತ್ತು. ನಾನು ಗಂಟಲು ಸರಿ ಮಾಡಿಕೊಂಡೆ. ಅವನು ತಲೆ ಎತ್ತಲಿಲ್ಲ.

'ನಿಜ ಹೇಳ್ ಗೌರೀಶ. ಬಿಟ್ ಕೊಟ್ದ್ಯಾ?'

ಹೌದು ಎನ್ನಬಹುದಿತ್ತು, ಹಾಗೆಂದರೆ ನಾನು ದೊಡ್ಡ ಮನುಷ್ಯ, ಅವನು ಐಸ್ ಫ್ಯಾಕ್ಟರಿ. ಇಲ್ಲ ಎಂದಷ್ಟೇ ಹೇಳಬಹುದಿತ್ತು. ನಂಬುತ್ತಿರಲಿಲ್ಲ, ಸಮಾಧಾನಕ್ಕೆ ಹೇಳುತ್ತಾನೆ ಎನ್ನುತ್ತಿದ್ದ. ಅವನು ನಂಬಬೇಕಾದರೆ ಇಡೀ ಎರಡು ವರ್ಷವನ್ನೇ ಅಂಗಳಕ್ಕೆ ಸುರಿಯಬೇಕಿತ್ತು. ಬೆಂಗಳೂರಿನ ಕನ್ನಡ ಬೇಲಿಯಾಚೆಗೇ ಉಳಿದಿತ್ತು. ನಾನು ಆ ಕೈಯನ್ನು ನೋಡಿದೆ, ಮೊದಲ ಸಲ, ನೇರವಾಗಿ. ಹೊಲಿಗೆಯ ಗೆರೆ ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಇತ್ತು.

'ಬಿಟ್ ಕೊಡ್ಲಿಲ್ಲೆ' ಎಂದೆ. 'ಬಿಟ್ ಕೊಡುವ ಮನ್ಸ ನಾನಲ್ಲ.'

ಇನ್ನು ನಿಮಗೂ ಹೇಳಬೇಕು. ಆ ಭಾನುವಾರ ನಾನು ಬ್ರೇಕ್ ತೆಗೆದದ್ದು ನಿಜ. ಆದರೆ ಆ ದೊಡ್ಡತನ ಎಷ್ಟು ಹೊತ್ತು ಬಾಳಿತು ಗೊತ್ತೇ, ಅವನ ಎರಡು ಗುಂಡು ತಾಗುವವರೆಗೆ. ಆರು, ಸೊನ್ನೆ ಇರುವಾಗ ತ್ಯಾಗ ಮಾಡುವುದು ಸುಲಭ. ಆರು, ಎರಡು ಆದಾಗ ನನ್ನ ಹೊಟ್ಟೆಯೊಳಗೆ ಏಳು, ಎರಡು ಎಂಬ ಆ ಹಳೆಯ ದಿನ ಎದ್ದು ಕೂತಿತು, ಬಂಗುಡೆಯ ವಾಸನೆಯ ಸಮೇತ. ನೀರು ಕುಡಿಯಲು ನಿಲ್ಲಿಸಿದೆನಲ್ಲ, ಆಗ ನಾನು ನೀರು ಕುಡಿಯಲಿಲ್ಲ. ಸಣ್ಣ ಕಿಟಕಿ ತೆರೆದು ಟಿಕ್ ಮತ್ತೆ ಹಾಕಿದೆ. ಅದೇ ಕಾಲು ಸೆಕೆಂಡು. ಹಾಕಿ, ಈಗ ಬಾ ಮಗನೇ ಎಂದು ಕೂತೆ. ಅವನು ಬಂದ. ಬ್ರೇಕ್ ತೆಗೆದಾಗ ಅವನ ಗುಂಡೆಲ್ಲ ಮುಂದೆ ಹೋದದ್ದು ಏಕೆಂದರೆ ಎರಡು ವರ್ಷದಿಂದ ಅವನ ಕೈ ನನ್ನ ಕಾಲು ಸೆಕೆಂಡನ್ನು ಸೇರಿಸಿಕೊಂಡೇ ಗುರಿ ಇಡುವುದನ್ನು ಕಲಿತಿತ್ತು. ನಾನು ಬ್ರೇಕ್ ವಾಪಸ್ ಹಾಕಿದ್ದೇ ಆ ಕೈಗೆ ತನ್ನ ನೆಲ ಸಿಕ್ಕಿತು. ನಾನು ಹಲ್ಲು ಕಚ್ಚಿ ಆಡಿದೆ, ಬೆವರಿ ಆಡಿದೆ, ಇಷ್ಟು ಚೆನ್ನಾಗಿ ಎಂದೂ ಆಡಿರಲಿಲ್ಲ, ಸೋತೆ.

ಇಷ್ಟನ್ನೂ ರತನನಿಗೆ ಹೇಳಿದೆ, ಬ್ರೇಕ್ ಎಂದರೇನು ಎನ್ನುವುದರಿಂದ ಹಿಡಿದು. ಹೇಳುವಾಗ ನನ್ನ ಧ್ವನಿ ನನಗೇ ಬಹಳ ಸಣ್ಣದಾಗಿ ಕೇಳಿಸುತ್ತಿತ್ತು. ಹೆರೆಯುವುದು ಯಾವಾಗಲೋ ನಿಂತಿತ್ತು. ಹೊಡೆಯುತ್ತಾನೆ ಎಂದುಕೊಂಡೆ, ಯಾವ ಕೈಯಲ್ಲಿ ಹೊಡೆಯುತ್ತಾನೆ ಎಂಬ ಹಾಳು ಕುತೂಹಲವೂ ಇತ್ತು. ಅವನು ಕೋಳಿಯನ್ನೇ ನೋಡುತ್ತ, ಎಲ್ಲ ಭಾನುವಾರವೂ ಹಾಕುತ್ತಿದ್ದೆಯಾ ಎಂದು ಕೇಳಿದ. ಎಲ್ಲ ಭಾನುವಾರವೂ ಎಂದೆ. ಅನೂಪನಿಗೂ ಹಾಕಿದ್ದೆಯಾ ಎಂದ. ಇಲ್ಲ, ಅವನಿಗೆ ಬೇಕಾಗಿಯೇ ಇರಲಿಲ್ಲ ಎಂದೆ. ಅವನ ಬಾಯಿಯ ಒಂದು ಮೂಲೆ ಅಲುಗಿತು, ಮತ್ತೆ ಗಟ್ಟಿಯಾಯಿತು. ನನ್ನ ಕಡೆ ನೋಡಲಿಲ್ಲ.

'ಕುಷ್ಟಣ್ಣನಿಗ್ ಫೋನ್ ಮಾಡ್. ನನ್ ಕೈಯೆಲ್ಲ ಕಾಯಿ. ಬೆಳಿಗ್ಗೆ ಆತಿಲ್ಲೆ ಅಂದವ ಈಗ ಬತ್ತೆ ಅಂದ್ರೆ ಎಂತಕ್ಕೆ ಕೇಂತ್ರ್. ನಾನ್ ಹೇಳುದಿಲ್ಲೆ. ನೀನೇ ಹೇಳ್.'

ಕುಷ್ಟಣ್ಣ ಬಂದರಿನಲ್ಲಿದ್ದರು, ಯಾವುದೋ ಇಂಜಿನ್ ಪರೀಕ್ಷೆ ನಡೆಯುತ್ತಿತ್ತು. ಯಾರು ಎಂದರು. ಪಕ್ಕದ ಮನೆಯ ಸರೋಜಕ್ಕನ ಮಗ, ಗೌರೀಶ ಎಂದೆ. ರತನ್ ಬೋಟಿಗೆ ಬರುತ್ತಾನೆ ಎಂದೆ. ಎಂತಕ್ಕೆ ಈಗ ಎಂದರು. ಮೆಲ್ಲಗೆ ಹೇಳಿದೆ. ಇಂಜಿನ್ ಸದ್ದಿಗೆ ಏನೂ ಕೇಳುತ್ತಿಲ್ಲ, ಗಟ್ಟಿಯಾಗಿ ಹೇಳು ಎಂದರು. ಸುಗುಣಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಬೇಲಿಯ ಆಚೆ ನಮ್ಮ ಬಾವಿಕಟ್ಟೆಯ ಹತ್ತಿರ ಅಮ್ಮ, ಅವಳ ಹಿಂದೆ ನಿಶ್ಮಿತಾ. ಮಳೆ ಆಗಷ್ಟೇ ನಿಂತು ಓಣಿಗೆ ಓಣಿಯೇ ಕಿವಿಯಾಗಿತ್ತು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕೂಗಿ ಹೇಳಿದೆ:

'ಹ್ವಾಯ್ ಕುಷ್ಟಣ್ಣ, ರತನನ ಕೈ ಸಮ ಇತ್ತ್. ಎರಡ್ ವರ್ಷ ನಾನ್ ಅವನ ಕೈ ಕಟ್ಟಿ ಹಾಕಿ ಆಡಿದ್ದ್. ನಿನ್ನೆ ಕಟ್ಟಿದ್ ಕೈಯಗೇ ನನ್ನ ಸೋಲ್ಸ್ದ.'